ತಾಲೀಮಿನ ಮನೆಗೆ ಎಷ್ಟು ಬಾಗಿಲು?



ಈ ಉಪನ್ಯಾಸದ ದತ್ತಿಯ ಕರಾರುಪತ್ರದಲ್ಲಿ ಒಂದು ಷರತ್ತಿದೆ: ಉಪನ್ಯಾಸಕರು ಪರದೆಯ ಮೇಲೆ ಚಿತ್ರ ತೋರಿಸಕೂಡದು, ಹೇಳುವುದನ್ನೆಲ್ಲ ಮಾತಿನಲ್ಲೇ ಹೇಳಬೇಕು. ಮೊದಲು ಕೇಳಿದಾಗ ಬಾಹ್ಯಾಕಾಶದ ವಿಷಯ ಇಟ್ಟುಕೊಂಡು ಇದು ಹೇಗಪ್ಪಾ ಎನಿಸಿತು. ಆಮೇಲೆ ಒಳ್ಳೆಯದೇ ಆಯಿತು ಅಂದುಕೊಂಡೆ. ರಾಕೆಟ್ಟಿನ ಚಿತ್ರ ಹಾಕಿದರೆ ಎಲ್ಲರೂ ಬೆಂಕಿಯನ್ನೇ ನೋಡುತ್ತಾರೆ. ನಾನು ಮಾತಾಡಬೇಕೆಂದಿರುವುದು ಆ ಬೆಂಕಿ ಹೊತ್ತುವುದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೊದಲು, ನೆಲದ ಮೇಲೇ, ಮುಚ್ಚಿದ ಕೋಣೆಗಳಲ್ಲಿ ನಡೆಯುವ ಕೆಲಸದ ಬಗ್ಗೆ. ಆ ಕೋಣೆಗಳ ಒಳಗೆ ಯಾರಿಗೆ ಪ್ರವೇಶವಿದೆ, ಯಾರಿಗಿಲ್ಲ ಎನ್ನುವುದರ ಬಗ್ಗೆ.

ಈ ಕೆಲಸಕ್ಕೆ ನಮ್ಮ ಪತ್ರಿಕೆಗಳು 'ಅಣಕು ಯಾನ' ಎಂದು ಬರೆಯುತ್ತವೆ. ಅಣಕು ಮತದಾನ, ಅಣಕು ಸಂಸತ್ತು ಇದ್ದ ಹಾಗೆ. ನನಗೆ ಆ ಪದ ಒಗ್ಗುವುದಿಲ್ಲ. ಅಣಕ ಎಂದ ಕೂಡಲೇ ಯಾರನ್ನೋ ಆಡಿಕೊಂಡಂತೆ ಕೇಳಿಸುತ್ತದೆ. ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾದ, ಬಳಸಿ ಬಳಸಿ ನುಣುಪಾದ ಪದ ಇದೆ: ತಾಲೀಮು. ಬೆಳಗಾವಿ, ಧಾರವಾಡದ ಕಡೆ ಪೈಲ್ವಾನರು ಪಟ್ಟು ಕಲಿಯುವುದು ತಾಲೀಮಿನಲ್ಲಿ. ಮಂಡ್ಯ, ತುಮಕೂರಿನ ಕಡೆ ಪೌರಾಣಿಕ ನಾಟಕ ಕಲಿಯುವುದೂ ತಾಲೀಮಿನಲ್ಲೇ. ಗರಡಿಯ ಮಣ್ಣನ್ನು ಅಗೆದು ಮೆತ್ತಗೆ ಮಾಡಿಟ್ಟಿರುತ್ತಾರೆ. ಬೀಳುವವರು ಇಲ್ಲೇ ಬೀಳಲಿ ಎಂದು.

1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಸೋಯುಜ್ ನೌಕೆಯಲ್ಲಿ ಹೊರಟದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು, ಇನ್ನೂ ರಷ್ಯಾಕ್ಕೆ ತರಬೇತಿಗೆ ಹೋಗುವ ಮುಂಚೆ, ಅವರನ್ನು ಇದೇ ಬೆಂಗಳೂರಿನಲ್ಲಿ ವಾಯುಪಡೆಯ ಒಂದು ಕೋಣೆಯೊಳಗೆ 72 ಗಂಟೆ ಕೂಡಿಹಾಕಿದ್ದರು. ಇಕ್ಕಟ್ಟಿನ ಜಾಗದಲ್ಲಿ ಒಳಗೊಳಗೇ ಗಾಬರಿಯಾಗುವ ಸ್ವಭಾವವೇನಾದರೂ ಇದೆಯೇ ಎಂದು ನೋಡಲು. ಮೂರು ದಿನ, ಒಂದು ಕೋಣೆ, ಒಬ್ಬ ಮನುಷ್ಯ. ಭಾರತದ ಬಾಹ್ಯಾಕಾಶ ಯಾನದ ಚರಿತ್ರೆ ಬರೆಯುವವರು ಆ ಸೋಯುಜ್ ಹಾರಿದ ಬೈಕನೂರಿನಿಂದ ಶುರುಮಾಡುತ್ತಾರೆ. ನಾನಾದರೆ ಬೆಂಗಳೂರಿನ ಆ ಕೋಣೆಯಿಂದ ಶುರುಮಾಡುತ್ತೇನೆ.

ತಾಲೀಮು ಏನು ಕೊಡುತ್ತದೆ ಎಂಬುದಕ್ಕೆ ಎರಡು ಪ್ರಸಂಗ ಹೇಳುತ್ತೇನೆ.

ಮೊದಲನೆಯದು 1969ರ ಜುಲೈ 5ರದು. ಅಪೊಲೊ 11 ಹೊರಡಲು ಹನ್ನೊಂದೇ ದಿನಗಳಿವೆ. ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿಯವರಿಗೆ ಚಂದ್ರನ ಮೇಲೆ ಇಳಿಯುವ ಕೊನೆಯ ತಾಲೀಮುಗಳು ನಡೆಯುತ್ತಿದ್ದವು. ತಾಲೀಮು ನಡೆಸುವ ತಂಡದ ಮುಖ್ಯಸ್ಥ ಡಿಕ್ ಕೂಸ್. ಅವರ ಕೆಲಸವೇ ಕಿತಾಪತಿ. ಎಲ್ಲ ಸರಿಯಿದೆ ಎನಿಸುವ ಗಳಿಗೆಯಲ್ಲಿ ಒಂದು ತೊಂದರೆ ತೂರಿಸಬೇಕು. ಅಂದು ಇಳಿಯುವ ನೌಕೆಯ ಗಣಕಯಂತ್ರದಿಂದ ಒಂದು ಎಚ್ಚರಿಕೆ ಸಂಖ್ಯೆ ಬರುವಂತೆ ಮಾಡಿದರು: 1201. ಮಾರ್ಗದರ್ಶನದ ಮೇಜಿನಲ್ಲಿದ್ದ ಸ್ಟೀವ್ ಬೇಲ್ಸ್‌ಗೆ ಆಗ 26 ವರ್ಷ. ಆ ಸಂಖ್ಯೆಯ ಅರ್ಥ ಥಟ್ಟನೆ ಹೊಳೆಯಲಿಲ್ಲ. ಇಳಿಯುವುದು ಬೇಡ, ವಾಪಸು ಬನ್ನಿ ಎಂದರು. ತಾಲೀಮು ಮುಗಿದ ಮೇಲೆ ಕೂಸ್ ಹೇಳಿದ್ದು ಇಷ್ಟು: ವಾಪಸು ಬರಬೇಕಾಗಿರಲಿಲ್ಲ, ಗಣಕಕ್ಕೆ ಕೆಲಸ ಹೆಚ್ಚಾಗಿತ್ತು ಅಷ್ಟೆ, ಮುಖ್ಯ ಕೆಲಸವನ್ನು ಅದು ಮಾಡುತ್ತಲೇ ಇತ್ತು. ಬೇಲ್ಸ್ ತಂಡದವರಿಗೆ ಅವಮಾನವಾಗಿರಬೇಕು. ಆದರೆ ಕೂತು ಅಂಥ ಎಲ್ಲ ಸಂಖ್ಯೆಗಳನ್ನೂ ಪಟ್ಟಿಮಾಡಿದರು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಗುರುತಿಸಿದರು. ಜಾಕ್ ಗಾರ್ಮನ್ ಎಂಬ ಇನ್ನೊಬ್ಬ ಹುಡುಗ ಅದನ್ನು ಕೈಬರಹದಲ್ಲಿ ಬರೆದಿಟ್ಟುಕೊಂಡ. ಹದಿನೈದು ದಿನ ಕಳೆದು, ಜುಲೈ 20ರಂದು, ನಿಜವಾದ ನೌಕೆ ನಿಜವಾದ ಚಂದ್ರನ ಕಡೆ ಇಳಿಯುತ್ತಿದ್ದಾಗ 1202 ಬಂತು. ಬಳಿಕ 1201ಕ್ಕೂ ಸರದಿ ಬಂತು. ಈ ಸಲ ಉತ್ತರ ಸಿದ್ಧವಾಗಿತ್ತು: ಮುಂದುವರಿಯಿರಿ. ಆರ್ಮ್‌ಸ್ಟ್ರಾಂಗ್ ಇಟ್ಟ ಹೆಜ್ಜೆಯ ಹಿಂದೆ, ತಾಲೀಮಿನಲ್ಲಿ ಪೆಟ್ಟುತಿಂದ ಒಬ್ಬ ಹುಡುಗ ಇದ್ದಾನೆ.

ಎರಡನೆಯದು ಅಷ್ಟು ಘನವಾದದ್ದಲ್ಲ. ಮೂತ್ರದ ಚೀಲದ ಕತೆ. ನನಗೆ ಇದೇ ಹೆಚ್ಚು ಇಷ್ಟ. 1972ರಲ್ಲಿ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣಕ್ಕೆ ತಯಾರಿಯಾಗಿ ಹ್ಯೂಸ್ಟನ್ನಿನಲ್ಲಿ ಮೂವರನ್ನು 56 ದಿನ ಒಂದು ಕೋಣೆಯೊಳಗೆ ಇರಿಸಿದರು. ಸ್ಕೈಲ್ಯಾಬಿನದೇ ಊಟ, ಸ್ಕೈಲ್ಯಾಬಿನದೇ ಸಲಕರಣೆ. ಮೂವರಲ್ಲಿ ಒಬ್ಬರು ವೈದ್ಯ ವಿಲಿಯಂ ಥಾರ್ನ್‌ಟನ್. ಆಳು ಭಾರಿ. ವ್ಯಾಯಾಮವೂ ಜೋರು, ನೀರು ಕುಡಿಯುವುದೂ ಜೋರು. ಮೂತ್ರ ಹಿಡಿಯುವ ಸಾಧನವನ್ನು ಸರಾಸರಿ ಮನುಷ್ಯನ ಲೆಕ್ಕದಲ್ಲಿ ಮಾಡಿದ್ದರು, ಇವರಿಗೆ ಸಾಲಲಿಲ್ಲ. ವ್ಯಾಯಾಮದ ಸೈಕಲ್ಲೂ ಇವರ ತುಳಿತ ತಡೆಯದೆ ಕೈಕೊಟ್ಟಿತು. ಎಲ್ಲವನ್ನೂ ತಿದ್ದಿ ಮೇಲೆ ಕಳಿಸಿದರು. ಆ ಕೋಣೆಯಲ್ಲಿ ಮೂವರೂ ಮಿತಾಹಾರಿ ಸಪೂರ ದೇಹದವರೇ ಇದ್ದಿದ್ದರೆ? ಸಾಧನ ಸರಿಯಿದೆ ಎಂದು ಸಹಿ ಬೀಳುತ್ತಿತ್ತು. ಮೇಲೆ ಹೋದ ಮೇಲೆ ಏನಾಗುತ್ತಿತ್ತು ಎಂಬುದನ್ನು ಈ ಸಭೆಯಲ್ಲಿ ಬಿಡಿಸಿ ಹೇಳುವುದಿಲ್ಲ.

ಸರಾಸರಿಗೆ ಹೊಂದದವರು ಒಳಗೆ ಬಂದಾಗಲೇ ಕೋಣೆಯ ತಪ್ಪು ಹೊರಗೆ ಬೀಳುತ್ತದೆ. ಪ್ರಪಂಚದ ಎಲ್ಲ ಕಡೆಯವರಿಗೂ ಈ ತಾಲೀಮು ಸಿಗಬೇಕು ಎಂದು ನಾನು ಹೇಳುವುದು ದಾನಧರ್ಮದ ಮಾತಲ್ಲ. ಒಳಗೆ ಬರುವವರಿಗೆ ಆಗುವಷ್ಟೇ ಉಪಕಾರ ಕೋಣೆಗೂ ಆಗುತ್ತದೆ.

ಹನ್ನೊಂದು ಜನ ಕಿವುಡರ ಸಂಗತಿ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. 1950ರ ದಶಕದ ಕೊನೆಯಲ್ಲಿ, ಮನುಷ್ಯ ಇನ್ನೂ ಬಾಹ್ಯಾಕಾಶಕ್ಕೆ ಹೋಗಿರಲಿಲ್ಲ. ತೂಕವಿಲ್ಲದ ಕಡೆ ತಲೆ ಸುತ್ತಿ ವಾಂತಿಯಾದರೆ ಗತಿಯೇನು ಎಂಬ ಚಿಂತೆ ಅಮೆರಿಕದ ನೌಕಾಪಡೆಯ ವೈದ್ಯರನ್ನು ಕಾಡುತ್ತಿತ್ತು. ಆಗ ಅವರು ವಾಷಿಂಗ್ಟನ್ನಿನ ಗ್ಯಾಲಡೆಟ್ ಎಂಬ ಕಿವುಡರ ಕಾಲೇಜಿನಿಂದ 11 ಜನರನ್ನು ಆರಿಸಿಕೊಂಡರು. ಅವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಎಳವೆಯಲ್ಲಿ ಮಿದುಳು ಪೊರೆಯ ಉರಿಯೂತದಿಂದ ಕಿವಿ ಕಳೆದುಕೊಂಡವರು. ಆ ಕಾಯಿಲೆ ಒಳಗಿವಿಯಲ್ಲಿರುವ ಸಮತೋಲದ ಅಂಗವನ್ನೂ ಕೆಡಿಸಿತ್ತು. ಹಾಗಾಗಿ ಅವರಿಗೆ ತಲೆ ಸುತ್ತುವುದೇ ಇಲ್ಲ! ಒಂದು ದಶಕದ ಕಾಲ ಅವರನ್ನು ಏನೆಲ್ಲ ಪರೀಕ್ಷೆಗೆ ಒಡ್ಡಿದರು. ಫ್ಲಾರಿಡಾದಲ್ಲಿ ಗಾಣದ ಹಾಗೆ ಸುತ್ತುತ್ತಲೇ ಇರುವ ಕೋಣೆಯೊಂದರಲ್ಲಿ ನಾಲ್ವರು 12 ದಿನ ಬಾಳಿದರು. ಇನ್ನೊಂದು ಸಲ ನೋವಾ ಸ್ಕೋಶಿಯಾದ ತೀರದಾಚೆ, ಬಿರುಗಾಳಿಯ ಕಡಲಿಗೆ ದೋಣಿಯಲ್ಲಿ ಕರೆದೊಯ್ದರು. ಪರೀಕ್ಷೆ ಅರ್ಧಕ್ಕೇ ನಿಂತಿತು. ಪರೀಕ್ಷಕರೇ ವಾಂತಿ ಮಾಡಿಕೊಂಡು ಮಲಗಿಬಿಟ್ಟಿದ್ದರು. ಕಿವುಡರು ಇಸ್ಪೀಟು ಆಡುತ್ತಿದ್ದರು.

ಆ ಕಾಲದ ನಿಯಮದಂತೆ ಗಗನಯಾತ್ರಿಯಾಗಲು ಅವರಲ್ಲಿ ಒಬ್ಬರೂ ಅರ್ಹರಲ್ಲ. ಅಂಗವೈಕಲ್ಯ ಎಂಬ ಮಾತನ್ನು ಎಲ್ಲಿ ನಿಂತು ಆಡುತ್ತಿದ್ದೇವೆ ಎಂಬುದೂ ಮುಖ್ಯ. ದಡದಲ್ಲಿ ನಿಂತು ಹೇಳುವುದು ಬೇರೆ, ಆ ದೋಣಿಯಲ್ಲಿ ನಿಂತು ಹೇಳುವುದು ಬೇರೆ. ಅವರು ಮಾಡಿದ್ದಕ್ಕೆ ಸಾರ್ವಜನಿಕ ಮನ್ನಣೆ ಸಿಗಲು ಅರ್ಧ ಶತಮಾನ ಬೇಕಾಯಿತು. ಈಚೆಗೆ ಸ್ವಲ್ಪ ಗಾಳಿ ಬದಲಾಗಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೈಕ್ ಅಪಘಾತದಲ್ಲಿ ಬಲಗಾಲು ಕಳೆದುಕೊಂಡ ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಮೆಕ್‌ಫಾಲ್ ಅವರನ್ನು ಯುರೋಪಿನ ಬಾಹ್ಯಾಕಾಶ ಸಂಸ್ಥೆ 2022ರಲ್ಲಿ ಆಯ್ಕೆ ಮಾಡಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದೀರ್ಘಕಾಲ ಇರಲು ವೈದ್ಯಕೀಯ ಒಪ್ಪಿಗೆ ಅವರಿಗೆ 2025ರಲ್ಲಿ ದೊರೆಯಿತು.

ಇನ್ನು ದುಡ್ಡಿಲ್ಲದೆ ಹೊರಗುಳಿದ ಜಾಂಬಿಯಾ. 1964ರಲ್ಲಿ, ದೇಶ ಸ್ವತಂತ್ರವಾಗುವ ಹೊತ್ತಿನಲ್ಲಿ, ಎಡ್ವರ್ಡ್ ಮಕುಕಾ ಎನ್‌ಕೊಲೊಸೊ ಎಂಬ ಶಾಲಾ ಮೇಷ್ಟ್ರು ಲುಸಾಕಾದ ಹೊರವಲಯದಲ್ಲಿ ಬಾಹ್ಯಾಕಾಶ ಅಕಾಡೆಮಿ ತೆರೆದರು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರು, ವಸಾಹತು ಸರ್ಕಾರದ ಜೈಲು ಕಂಡವರು. ಅವರ ಹತ್ತಿರ ಇದ್ದ ಸಲಕರಣೆ ಒಂದು ಎಣ್ಣೆಯ ಪೀಪಾಯಿ. ಶಿಷ್ಯರನ್ನು ಅದರೊಳಗೆ ಕೂರಿಸಿ ಇಳಿಜಾರಿನಲ್ಲಿ ಉರುಳಿಸುವುದು. ಉದ್ದ ಹಗ್ಗದ ಉಯ್ಯಾಲೆ ಜೀಕಿಸಿ, ತುತ್ತತುದಿಗೆ ಹೋದಾಗ ಹಗ್ಗ ಕತ್ತರಿಸಿಬಿಡುವುದು. ತೂಕವಿಲ್ಲದ ಅನುಭವ ಆಗಲಿ ಎಂದು. ಮಂಗಳ ಗ್ರಹಕ್ಕೆ ಹೊರಡಬೇಕಾಗಿದ್ದವಳು ಮಾಥಾ ಮ್ವಾಂಬಾ ಎಂಬ ಹದಿನೇಳರ ಹುಡುಗಿ, ಜೊತೆಗೆ ಎರಡು ಬೆಕ್ಕು. ಪಾಶ್ಚಾತ್ಯ ಪತ್ರಿಕೆಗಳಿಗೆ ಹಬ್ಬವಾಯಿತು, ಹೊಟ್ಟೆ ಹುಣ್ಣಾಗುವಂತೆ ನಕ್ಕವು. ಹಣ ಎಲ್ಲಿಂದಲೂ ಬರಲಿಲ್ಲ, ಅಕಾಡೆಮಿ ಕರಗಿಹೋಯಿತು. ಅವರು ನಿಜಕ್ಕೂ ನಂಬಿ ಮಾಡಿದರೋ, ಅಮೆರಿಕ–ರಷ್ಯಾದ ಜಿದ್ದನ್ನು ಗಂಭೀರ ಮುಖ ಹೊತ್ತು ಗೇಲಿ ಮಾಡಿದರೋ ಎಂಬ ಚರ್ಚೆ ಇಂದಿಗೂ ಇದೆ. 'ಅಣಕು' ಎಂಬ ಪದ ಎಲ್ಲಾದರೂ ಸಲ್ಲುವುದಾದರೆ ಬಹುಶಃ ಅಲ್ಲಿ ಸಲ್ಲಬಹುದು.

ಅದಕ್ಕೆ ಒಂದು ವರ್ಷ ಮೊದಲು, 1963ರ ನವೆಂಬರಿನಲ್ಲಿ, ಕೇರಳದ ತುಂಬಾದಿಂದ ನಮ್ಮ ಮೊದಲ ರಾಕೆಟ್ ಹಾರಿತು. ಚರ್ಚಿನ ಕಟ್ಟಡವೇ ಕಚೇರಿ. ರಾಕೆಟ್ಟಿನ ಭಾಗಗಳನ್ನು ಸೈಕಲ್ ಮೇಲೆ ಸಾಗಿಸುತ್ತಿದ್ದರು. ಆ ಸೈಕಲ್ಲಿನ ಚಿತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಹೆಮ್ಮೆಯಿಂದ ಕೂತಿದೆ. ನಮಗೆ ಅಂದು ಅಮೆರಿಕ ಕೊಟ್ಟ ರಾಕೆಟ್ಟಿತ್ತು, ಹಿಂದೆ ಸರ್ಕಾರವಿತ್ತು. ಎನ್‌ಕೊಲೊಸೊಗೆ ಎರಡೂ ಇರಲಿಲ್ಲ. ಸೈಕಲ್ಲಿಗೂ ಪೀಪಾಯಿಗೂ ಇರುವ ದೂರ ನಾವು ಅಂದುಕೊಂಡಷ್ಟಿಲ್ಲ.

ಇವತ್ತಿನ ಸ್ಥಿತಿಗೆ ಬರೋಣ. ನಮ್ಮ ಕಡೆ ಊರ ಹಬ್ಬಕ್ಕೆ 'ಕುರುಕ್ಷೇತ್ರ' ಆಡುವಾಗ ಪಾತ್ರ ಹಂಚುವ ಕ್ರಮ ನಿಮಗೆ ಗೊತ್ತೇ ಇದೆ. ದುಡ್ಡು ಕಟ್ಟಿದವರಿಗೆ ಪಾತ್ರ. ದುರ್ಯೋಧನನಿಗೆ ಹೆಚ್ಚು, ನಕುಲ ಸಹದೇವರಿಗೆ ಕಮ್ಮಿ. ಹಾರ್ಮೋನಿಯಂ ಮೇಷ್ಟ್ರಿಗೆ ಸಂಬಳ, ಸೀನರಿಗೆ ಬಾಡಿಗೆ, ಎಲ್ಲ ಅದರಲ್ಲೇ ಆಗಬೇಕು. ಒಳ್ಳೆಯ ಕಂಠದ ಕೂಲಿಯವರ ಹುಡುಗ ತಾಲೀಮಿನ ಚಪ್ಪರದ ಗೂಟ ಹಿಡಿದು ನಿಂತು ಕಂದ, ವೃತ್ತ ಎಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾನೆ. ಶ್ರುತಿಯ ಗಾಳಿಯೂ ಸೋಕದ ಸಾಹುಕಾರರ ಮಗ ಕೃಷ್ಣನಾಗಿ ರಥದ ಮೇಲಿರುತ್ತಾನೆ. ಯಾರನ್ನೂ ದೂರುವ ಹಾಗಿಲ್ಲ. ದುಡ್ಡಿಲ್ಲದಿದ್ದರೆ ನಾಟಕವೇ ಇಲ್ಲ.

ಅಮೆರಿಕದ ಯೂಟಾ ರಾಜ್ಯದ ಕೆಂಪು ಮರುಭೂಮಿಯಲ್ಲಿ, ಹ್ಯಾಂಕ್ಸ್‌ವಿಲ್ ಎಂಬ ಪುಟ್ಟ ಊರಿನ ಹತ್ತಿರ, ಮಾರ್ಸ್ ಸೊಸೈಟಿಯವರ ನಿಲ್ದಾಣವಿದೆ. ಈ ಶತಮಾನದ ಆರಂಭದಿಂದ ಅಲ್ಲಿ 300ಕ್ಕೂ ಹೆಚ್ಚು ತಂಡಗಳು ಬಂದು ಮಂಗಳವಾಸ ಮಾಡಿಹೋಗಿವೆ. ಆರೇಳು ಜನ, ಹೆಚ್ಚಾಗಿ ಎರಡು ವಾರ. ಎರಡಂತಸ್ತಿನ ಕಣಜದಂಥ ಮನೆ. ಹೊರಗೆ ಕಾಲಿಟ್ಟರೆ ಶಿರಸ್ತ್ರಾಣ, ಬೆನ್ನಿಗೆ ಗಾಳಿಯ ಪೆಟ್ಟಿಗೆ. ಸರ್ಕಾರದ ಹಂಗಿಲ್ಲದೆ ಸ್ವಯಂಸೇವಕರು ಎರಡು ದಶಕಕ್ಕೂ ಮೀರಿ ನಡೆಸಿಕೊಂಡು ಬಂದಿದ್ದಾರೆ, ಯಾವ ದೇಶದವರೂ ಅರ್ಜಿ ಹಾಕಬಹುದು. ಇದು ಸಣ್ಣ ಮಾತಲ್ಲ. ಆದರೆ ಖರ್ಚು ಹೋಗುವವರದು. ಅದರ ಮೇಲೆ ವಿಮಾನದ ಟಿಕೆಟ್ಟು, ಅದರ ಮೇಲೆ ವೀಸಾ, ಎಲ್ಲಕ್ಕೂ ಮೇಲೆ ರಜೆ. ಕುರುಕ್ಷೇತ್ರದ ಲೆಕ್ಕವೇ.

ಸರ್ಕಾರಿ ತಾಲೀಮುಗಳಲ್ಲಿ ದುಡ್ಡು ಕೇಳುವುದಿಲ್ಲ, ಆದರೆ ಬಾಗಿಲು ಇನ್ನೂ ಕಿರಿದು. ನಾಸಾ 2023ರ ಜೂನ್‌ನಿಂದ 2024ರ ಜುಲೈವರೆಗೆ ನಾಲ್ವರನ್ನು ಹ್ಯೂಸ್ಟನ್ನಿನ 1,700 ಚದರಡಿಯ, ತ್ರೀಡಿ ಮುದ್ರಣದಿಂದ ಕಟ್ಟಿದ ಮನೆಯಲ್ಲಿ 378 ದಿನ ಇರಿಸಿತು. ಅರ್ಜಿ ಹಾಕಲು ಅಮೆರಿಕದ ನಾಗರಿಕರೋ ಕಾಯಂ ನಿವಾಸಿಗಳೋ ಆಗಿರಬೇಕಿತ್ತು. ವಯಸ್ಸು 30ರಿಂದ 55. ವಿಜ್ಞಾನ, ಎಂಜಿನಿಯರಿಂಗ್‌ನಂಥ ವಿಷಯದಲ್ಲಿ ಉನ್ನತ ಪದವಿ. ಗಗನಯಾತ್ರಿಗಳನ್ನು ಹೋಲುವವರ ಮೇಲೇ ಪ್ರಯೋಗ ಮಾಡಬೇಕು ಎನ್ನುವುದು ಅವರ ತರ್ಕ. ನ್ಯಾಯವೇ. ಆದರೆ ಮಾಸ್ಕೋದಲ್ಲಿ 2010–11ರಲ್ಲಿ 520 ದಿನ ನಡೆದ ಮಾರ್ಸ್-500 ಎಂಬ ತಾಲೀಮಿನಲ್ಲಿ ರಷ್ಯಾ, ಯುರೋಪ್, ಚೀನಾ ಮೂರೂ ಕಡೆಯವರಿದ್ದರೂ ಆರಕ್ಕೆ ಆರೂ ಜನ ಗಂಡಸರೇ. ಅದಕ್ಕೂ ಹಿಂದೆ ಅಲ್ಲೇ 1999ರಲ್ಲಿ ಆರಂಭವಾದ ಪ್ರಯೋಗದಲ್ಲಿ ಕೆನಡಾದ ಮಹಿಳಾ ಸಂಶೋಧಕಿಯೊಬ್ಬರು ಇನ್ನೊಂದು ತಂಡದ ನಾಯಕ ತನ್ನನ್ನು ಬಲವಂತವಾಗಿ ಚುಂಬಿಸಿದನೆಂದು ದೂರಿದರು. ಒಳಗೆ ರಕ್ತ ಬರುವಂತೆ ಹೊಡೆದಾಟವಾಯಿತು, ಜಪಾನಿನವರೊಬ್ಬರು ಬೇಸತ್ತು ಹೊರನಡೆದರು. ಹೆಂಗಸರನ್ನು ಕರೆಯದಿರುವುದು ಅದಕ್ಕೆ ಪರಿಹಾರವೆಂದು ಯಾರಾದರೂ ಅಂದುಕೊಂಡರೆ, ಅವರು ಮೂತ್ರದ ಚೀಲವನ್ನು ತಿದ್ದುವ ಬದಲು ಥಾರ್ನ್‌ಟನ್‌ರನ್ನು ಮನೆಗೆ ಕಳಿಸಿದ ಹಾಗೆ.

ಹಾಗಾದರೆ ಬಾಗಿಲು ಹೆಚ್ಚಿಸುವುದು ಹೇಗೆ? ಮನೆಗಳನ್ನೇ ಹೆಚ್ಚಿಸುವುದು ಒಂದು ದಾರಿ. ಬ್ರೆಜಿಲ್ ದೇಶದ ಈಶಾನ್ಯದಲ್ಲಿ, ನಮ್ಮ ಬಯಲುಸೀಮೆಯಂಥದೇ ಮಳೆ ಕಡಿಮೆಯ ನೆಲದಲ್ಲಿ, 2017ರಿಂದ ಹ್ಯಾಬಿಟಾಟ್ ಮಾರ್ಟೆ ಎಂಬ ನಿಲ್ದಾಣ ನಡೆಯುತ್ತಿದೆ. ನೀರಿಲ್ಲದ ಗ್ರಹದಲ್ಲಿ ಬಾಳುವುದನ್ನು ಕಲಿತರೆ ನೀರಿಲ್ಲದ ಊರಿಗೂ ಆದೀತು ಎಂಬ ಎಣಿಕೆ ಅವರದು. 2020ರಲ್ಲಿ ಕೊರೋನಾ ಬಂದಾಗ ಅವರು ಯಾನಗಳನ್ನು ಅಂತರ್ಜಾಲದಲ್ಲೇ ನಡೆಸಿದರು. ಬೇರೆ ಬೇರೆ ಊರುಗಳಲ್ಲಿ ತಮ್ಮ ತಮ್ಮ ಮನೆಯಲ್ಲೇ ಕೂತವರು ಒಂದೇ ತಂಡವಾದರು. ಆಗ ಜಗತ್ತೇ ಮನೆಯೊಳಗೆ ಸೇರಿತ್ತಲ್ಲ, ಕೂಡಿಹಾಕುವ ಖರ್ಚೂ ಉಳಿಯಿತು.

ನಮ್ಮಲ್ಲೂ ಶುರುವಾಗಿದೆ. 2025ರ ಆಗಸ್ಟ್‌ನಲ್ಲಿ ಲಡಾಖಿನ ತ್ಸೋ ಕಾರ್ ಕಣಿವೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರಿಗೂ ಎತ್ತರದಲ್ಲಿ, ಇಬ್ಬರು ಹತ್ತು ದಿನ ವಾಸವಿದ್ದರು. 8 ಮೀಟರ್ ಅಗಲದ ವಾಸದ ಗೂಡು, ಪಕ್ಕದಲ್ಲಿ 5 ಮೀಟರಿನ ಇನ್ನೊಂದು. 'ಹೋಪ್' ಎಂಬ ಈ ನೆಲೆಯನ್ನು ಇಸ್ರೊ ಬೆಂಬಲದಿಂದ ಕಟ್ಟಿದ್ದು ಬೆಂಗಳೂರಿನ ಪ್ರೊಟೊಪ್ಲಾನೆಟ್ ಕಂಪನಿ. ತೆಳು ಗಾಳಿ, ಕೊರೆಯುವ ಚಳಿ, ಉಪ್ಪುನೆಲ, ಸುಡುವ ನೇರಳಾತೀತ ಕಿರಣ, ಎಲ್ಲ ಇದೆ. ಮಂಗಳದಲ್ಲಿ ಗಾಳಿಯ ಒತ್ತಡ ನಮ್ಮ ಸಮುದ್ರಮಟ್ಟದ್ದರ ನೂರರಲ್ಲೊಂದು ಪಾಲೂ ಇಲ್ಲ, ಆ ಮಾತು ಬೇರೆ. ತಾಲೀಮಿನ ದುರ್ಯೋಧನನ ಗದೆಯೂ ಮರದ್ದೇ.

ಎರಡನೆಯ ದಾರಿ ಗಣಕದ್ದು. ಲಂಡನ್ನಿನಲ್ಲಿ ಮಾರ್ಟಿನ್ ಶ್ವೈಗರ್ ಬರೆದ ಆರ್ಬಿಟರ್ ಎಂಬ ತಂತ್ರಾಂಶ 2000ದಿಂದಲೂ ಪುಕ್ಕಟೆ ಸಿಗುತ್ತಿದೆ. 2021ರಲ್ಲಿ ಅದರ ಮೂಲಸಂಕೇತವನ್ನೂ ತೆರೆದಿಟ್ಟರು. ಕಕ್ಷೆ ಸೇರುವುದು, ಇನ್ನೊಂದು ನೌಕೆಗೆ ಜೋಡಿಸಿಕೊಳ್ಳುವುದು ಎಲ್ಲವನ್ನೂ ಭೌತಶಾಸ್ತ್ರದ ನಿಯಮ ಮೀರದೆ ಅಭ್ಯಾಸ ಮಾಡಬಹುದು. ಒಳ್ಳೆಯದೇ. ಆದರೆ ತೆರೆಯ ಮುಂದೆ ಕೂತವನಿಗೆ ಪಕ್ಕದವನ ಗೊರಕೆ ಕೇಳಿಸುವುದಿಲ್ಲ. ತಾಲೀಮಿನ ಕಷ್ಟದ ಭಾಗ ಗೊರಕೆಯದು.

ಮೂರನೆಯ ದಾರಿಗೆ ಲಡಾಖೂ ಬೇಡ, ಗಣಕವೂ ಬೇಡ. ಯಾವುದಾದರೂ ತಾಲ್ಲೂಕಿನ ಹೈಸ್ಕೂಲಿನಲ್ಲಿ ಒಂದು ಶನಿವಾರ ಮಾಡಿ ನೋಡಬಹುದು. ಒಂದು ಕೋಣೆ, ಆರು ಮಕ್ಕಳು, ಅಳೆದಿಟ್ಟ ನೀರು, ಅಳೆದಿಟ್ಟ ಬುತ್ತಿ. ಬಾಗಿಲಿಗೆ ಬೀಗ ಹಾಕಕೂಡದು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ನಡೆಯುತ್ತಿದ್ದ ಇಂಥದೇ ಯಾನವೊಂದು 2018ರಲ್ಲಿ ಒಬ್ಬರಿಗೆ ವಿದ್ಯುತ್ ಆಘಾತವಾಗಿ ನಾಲ್ಕೇ ದಿನಕ್ಕೆ ನಿಂತಿತ್ತು. ತಾಲೀಮಿನಲ್ಲೂ ಕರೆಂಟು ನಿಜವಾದದ್ದೇ. ಭೂಮಿಯಿಂದ ಮಂಗಳಕ್ಕೆ ಮಾತು ತಲುಪಲು ಸುಮಾರು 3ರಿಂದ 22 ನಿಮಿಷ ಬೇಕು. ಚೀಟಿ ಒಯ್ಯುವ ಹುಡುಗ ಬಾಗಿಲ ಹೊರಗೆ ಇಪ್ಪತ್ತು ನಿಮಿಷ ಕೂತು ಆಮೇಲೆ ಕೊಟ್ಟರೆ ಆ ದೂರ ಸಿದ್ಧವಾಯಿತು. ಒಬ್ಬ ಮೇಷ್ಟ್ರು ಡಿಕ್ ಕೂಸ್ ಆಗಬೇಕು. ನಡುನಡುವೆ 'ನೀರಿನ ಕೊಡ ಸೋರುತ್ತಿದೆ', 'ಒಬ್ಬಳಿಗೆ ಜ್ವರ' ಎಂಬ ಚೀಟಿ ಕಳಿಸಬೇಕು. ನಡೆದದ್ದೆಲ್ಲ ದಿನಚರಿಯಲ್ಲಿ ಬರೆಯಬೇಕು, ಜಗಳವನ್ನೂ. ಬೇಕಾದರೆ ಹೆಸರುಕಾಳು, ಮೆಂತ್ಯ ಮೊಳಕೆ ಹಾಕಲಿ. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಳಿಸಿದ್ದೂ ಅದೇ ಕಾಳು.

ಸೂಚನೆಗಳನ್ನೆಲ್ಲ ಕನ್ನಡದಲ್ಲೇ ಬರೆಯಬೇಕು. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ. ನಾನೇ ಬರೆಯಲು ಕೂತಾಗ ಎರಡನೇ ಸಾಲಿಗೆ ಮುಗ್ಗರಿಸಿದೆ. 'ವಾಲ್ವ್ ತೆಗೆ' ಎಂದು ಬರೆದಿದ್ದೆ. ಬಾಗಿಲು ತೆಗೆ ಅಂದರೆ ತೆರೆ ಎಂದು. ಮೊಳೆ ತೆಗೆ ಅಂದರೆ ಕಿತ್ತುಹಾಕು ಎಂದು. ವಾಲ್ವನ್ನು ಏನು ಮಾಡಬೇಕು? 'ಬಿಡು' ಎಂದು ತಿದ್ದಿದೆ. ನಲ್ಲಿ ಬಿಡು ಅಂದರೆ ನೀರು ಬರಲಿ ಎಂದು. ಅದನ್ನು ಬಿಡು ಅಂದರೆ ಅದರ ತಂಟೆಗೆ ಹೋಗಬೇಡ ಎಂದು. ಊರಿನ ನೀರುಗಂಟಿಗೆ ಇದರಿಂದ ಏನೂ ತೊಂದರೆಯಾಗಿಲ್ಲ, ಏಕೆಂದರೆ ಹೇಳುವವನ ಮುಖ ಅವನ ಎದುರಿಗೇ ಇರುತ್ತದೆ. ಇಪ್ಪತ್ತು ನಿಮಿಷದ ದೂರದಲ್ಲಿ ಮುಖ ಕಾಣುವುದಿಲ್ಲ. ರಷ್ಯನ್ನರೂ ಅಮೆರಿಕನ್ನರೂ ತಮ್ಮ ಭಾಷೆಯ ಇಂಥ ಕಲ್ಲುಮುಳ್ಳನ್ನು ಅರವತ್ತು ವರ್ಷ ಆರಿಸಿ ಹಸನು ಮಾಡಿಕೊಂಡಿದ್ದಾರೆ. ನಮ್ಮದರಲ್ಲಿ ಎಷ್ಟಿವೆ ಎಂದು ಎಣಿಸಲಿಕ್ಕಾದರೂ ಯಾರೋ ಒಬ್ಬರು ತಾಲೀಮು ಶುರುಮಾಡಬೇಕು.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಇಂಥ ಕಡೆ ಒಂದು ವಾರ ಇದ್ದು ಬಂದು ಹೆಸರಿನ ಹಿಂದೆ ಗಗನಯಾತ್ರಿ ಎಂದು ಅಂಟಿಸಿಕೊಳ್ಳುವ ಚಾಳಿ ಬೆಳೆಯುತ್ತಿದೆ, ಅಂಥ ಪ್ರಮಾಣಪತ್ರಕ್ಕೆ ಗಿರಾಕಿಗಳೂ ಇದ್ದಾರೆ. ಮಕ್ಕಳನ್ನು ಎಲ್ಲಿಗಾದರೂ ಕಳಿಸುವ ಮೊದಲು ತಂದೆತಾಯಿ ಕೇಳಬೇಕಾದ ಪ್ರಶ್ನೆ ಒಂದೇ: ಹೋದ ವರ್ಷ ನಿಮ್ಮಲ್ಲಿ ಏನೇನು ಕೆಟ್ಟಿತು, ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ, ತೋರಿಸಿ. ತೋರಿಸಿದರೆ ಅದು ತಾಲೀಮು. ಏನೂ ಕೆಟ್ಟಿಲ್ಲ ಅಂದರೆ ಫೋಟೊ ತೆಗೆಸಿಕೊಂಡು ಬರಬಹುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳಿಸಿ ಎಂದಿದ್ದರು. ಹಿಂದಿನ ಸಾಲಿನಿಂದ ಆಗಲೇ ಮೂರು ಬಂದಿವೆ. ಮಂಗಳದ ನಿಯಮದಂತೆ ಇಪ್ಪತ್ತು ನಿಮಿಷ ಬಿಟ್ಟು ಉತ್ತರಿಸುತ್ತೇನೆ. ಅಷ್ಟರಲ್ಲಿ ಕಾಫಿ ಆಗಿರುತ್ತದಂತೆ.